ಹನ್ನೊಂದು ವರ್ಷದ ಕೈ, ಹೊಸ ಐಸಿಯು

ಹನ್ನೊಂದು ವರ್ಷ ಒಂದೇ ಐಸಿಯುನಲ್ಲಿ ನರ್ಸ್ ಆಗಿದ್ದವಳು ನಾನು. ಹೊಸ ಆಸ್ಪತ್ರೆಗೆ ಸೇರಿದ ಮೊದಲ ವಾರ ನನ್ನ ಕೈಗಳ ಬಗ್ಗೆಯೇ ನನಗೆ ಭಯ ಶುರುವಾಯಿತು. ಅಡ್ರಿನಲಿನ್ ಎಂದ ಕೂಡಲೇ ಕೈ ತಾನಾಗಿ ಕ್ರ್ಯಾಶ್ ಕಾರ್ಟಿನ, ಅಂದರೆ ತುರ್ತು ಔಷಧಿಗಳ ಗಾಡಿಯ, ಮೇಲಿನ ಡ್ರಾಯರ್‌ಗೆ ಹೋಗುತ್ತಿತ್ತು. ಇಲ್ಲಿ ಅದು ಎರಡನೆಯದರಲ್ಲಿ.

ಎರಡನೇ ದಿನ ಒಬ್ಬ ರೋಗಿಗೆ ಬಿಪಿ ಬೀಳದಂತೆ ಪಂಪಿನಲ್ಲಿ ಹೋಗುತ್ತಿದ್ದ ನೋರ್‌ಅಡ್ರಿನಲಿನ್ ಮುಗಿಯುತ್ತಾ ಬಂದಿತ್ತು. ಹೊಸ ಸಿರಿಂಜಿಗೆ 4 ಮಿಗ್ರಾಂ ಎಳೆದುಕೊಂಡು 50 ಮಿಲಿಗೆ ತುಂಬಿಸತೊಡಗಿದೆ. ಪಕ್ಕದ ಬೆಡ್ ನೋಡಿಕೊಳ್ಳುತ್ತಿದ್ದ ನರ್ಸ್ ಹುಡುಗಿ ಮೆಲ್ಲಗೆ, "ಅಕ್ಕಾ, ಇಲ್ಲಿ 50ಕ್ಕೆ 8 ಹಾಕೋದು" ಅಂದಳು. ಪಂಪು ಗಂಟೆಗೆ 5 ಮಿಲಿಯಲ್ಲಿ ಓಡುತ್ತಿತ್ತು. ನನ್ನ ಸಿರಿಂಜ್ ಸಿಕ್ಕಿಸಿದ್ದರೆ ರೋಗಿಗೆ ಗಂಟೆಗೆ 800 ಮೈಕ್ರೋಗ್ರಾಂ ಬದಲು 400 ಹೋಗುತ್ತಿತ್ತು. ಅಷ್ಟರಲ್ಲಿ ಆ ರೋಗಿಯ ಬಿಪಿ ನಿಲ್ಲುತ್ತಿರಲಿಲ್ಲ. ಆ ಹುಡುಗಿಗೆ ಸರ್ವಿಸ್ ಎರಡೇ ವರ್ಷ. ಅವಳು ಬಾಯಿಬಿಟ್ಟು ಹೇಳಿದ್ದಕ್ಕೆ ಇಂದಿಗೂ ಋಣಿ.

ಪರಿಣತ ನರ್ಸ್ ಕೂಡ ಪರಿಚಯವಿಲ್ಲದ ವಿಭಾಗಕ್ಕೆ ಹೋದರೆ ಹೊಸಬಳಂತೆಯೇ ಆಗಬಹುದು ಎಂದು ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲೇ ಬರೆದಿದ್ದಾರೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದ ಮಾತು ಅಂದು ಅರ್ಥವಾಯಿತು.

ಅಲ್ಲಿಂದ ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಂಡೆ. ಇಲ್ಲಿ ಯಾವ ಔಷಧಿಯನ್ನು ಎಷ್ಟು ಮಿಲಿಗೆ ಬೆರೆಸುತ್ತಾರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ವಯಲ್ ಮಿಲಿಗೆ 1000 ಯೂನಿಟ್ಟಿನದೋ 5000ದ್ದೋ, ರಾತ್ರಿ ಯಾವ ಡಾಕ್ಟರಿಗೆ ಮೊದಲು ಫೋನ್ ಮಾಡಬೇಕು, ಎಲ್ಲ ಅದರಲ್ಲಿ. ಡ್ಯೂಟಿಗೆ ಅರ್ಧ ಗಂಟೆ ಮುಂಚೆ ಬಂದು, ಕಾರ್ಟ್ ಚೆಕ್ ಮಾಡುವವರ ಜೊತೆ ನಿಂತು ಒಂದೊಂದು ಡ್ರಾಯರ್ ನೋಡಿದೆ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಮುಟ್ಟುವ ಮುಂಚೆ ಡೋಸ್ ಗಟ್ಟಿಯಾಗಿ ಹೇಳಿ, ಇನ್ನೊಬ್ಬರು ನೋಡಿದ ಮೇಲೆಯೇ ಕೊಡುತ್ತಿದ್ದೆ. ಕಂಪ್ಯೂಟರ್ ಎಂಟ್ರಿ ಹತ್ತು ದಿನದಲ್ಲಿ ಕೈಗೆ ಬಂತು, ಅದೇನೂ ದೊಡ್ಡದಲ್ಲ.

ನಾಲಿಗೆ ಹಿಡಿಯುವುದು ಮಾತ್ರ ಕಷ್ಟವಾಯಿತು. "ನಮ್ಮಲ್ಲಿ ಹೀಗೆ ಮಾಡ್ತಿರಲಿಲ್ಲ" ಎನ್ನುವ ಮಾತು ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತಿತ್ತು. ಒಂದು ತಿಂಗಳು ಅದನ್ನು ಆಡಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಸುಮ್ಮನಿರಲಾಗಲಿಲ್ಲ. ಇಲ್ಲಿ ಹ್ಯಾಂಡೋವರ್, ಅಂದರೆ ಡ್ಯೂಟಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವುದು, ಕೌಂಟರಿನಲ್ಲೇ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಹೊದಿಕೆ ಸರಿಸಿದಾಗ, ಯಾರೂ ಹೇಳಿರದ ಡ್ರೈನ್ ಬ್ಯಾಗ್ (ದೇಹದಿಂದ ಹೊರಬರುವ ದ್ರವ ಸೇರುವ ಚೀಲ) ತುಂಬಿ ನಿಂತಿತ್ತು. ಇನ್‌ಚಾರ್ಜ್ ಸಿಸ್ಟರ್ ಬಳಿ ಹೋಗಿ, "ಮೇಡಂ, ನನ್ನ ಎರಡು ಬೆಡ್‌ಗಳಿಗೆ ಹ್ಯಾಂಡೋವರ್ ರೋಗಿಯ ಪಕ್ಕದಲ್ಲೇ ತಗೊಳ್ಳಲಾ?" ಎಂದು ಕೇಳಿದೆ. ಒಪ್ಪಿದರು. ಮರುವಾರ ಆ ಹುಡುಗಿಯೂ ತನ್ನ ಬೆಡ್ಡಿನ ಬಳಿಗೇ ಬನ್ನಿ ಎಂದು ರಾತ್ರಿಯವರನ್ನು ಕರೆದಳು.