ಮುಟ್ಟು ನಿಲ್ಲುವ ಕಾಲದ ಸಪ್ಲಿಮೆಂಟ್‌ಗಳು: ನಾನು ಮಾಡಿ ನೋಡಿದ್ದು

ಒಂದು ಸಲಕ್ಕೆ ಒಂದೇ ಸಪ್ಲಿಮೆಂಟ್. ಮೆನೋಪಾಸ್ ವಿಷಯದಲ್ಲಿ ನಾನು ಬಿಡದೆ ಪಾಲಿಸಿದ್ದು ಇದನ್ನೇ. ಮೂರ್ನಾಲ್ಕು ಡಬ್ಬಿ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಗುಣ ಕಂಡಿತು, ಯಾವುದರಿಂದ ಹೊಟ್ಟೆ ಕೆಟ್ಟಿತು ಅಂತ ಗೊತ್ತಾಗುವುದು ಹೇಗೆ?

ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವ ಝಳ ನನ್ನ ತೊಂದರೆ, ಅದಕ್ಕೆ ಹಾರ್ಮೋನ್ ಮಾತ್ರೆ ಬೇಡವಾಗಿತ್ತು. ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಜಾಸ್ತಿಯಾದರೂ ಹೀಗೇ ಮೈ ಬಿಸಿಯಾಗಿ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅದು ಸರಿಯಿದೆ ಅಂತ ತಿಳಿದ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಏನನ್ನೂ ನುಂಗುವ ಮೊದಲೇ ಕೆಲವು ವಾರ ಬರೆದೆ. ಹಗಲು ಎಷ್ಟು ಸಲ ಬಿಸಿ ಝಳ ಬಂತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಬಟ್ಟೆ ಬದಲಾಯಿಸುವಷ್ಟು ಬೆವರಿತ್ತಾ, ಇಷ್ಟೇ. ಈ ಲೆಕ್ಕ ಬೇಕೇ ಬೇಕು. ಅಧ್ಯಯನಗಳಲ್ಲಿ ಔಷಧವೇ ಇಲ್ಲದ ಮಾತ್ರೆ ನುಂಗಿದ ಎಷ್ಟೋ ಹೆಂಗಸರಿಗೂ ಝಳ ಕಡಿಮೆಯಾಗಿದೆ. ಸುಮ್ನೆ ನೆನಪನ್ನು ನಂಬಿದರೆ ಎಲ್ಲ ಡಬ್ಬಿಯೂ ಕೆಲಸ ಮಾಡಿದ ಹಾಗೇ ಕಾಣುತ್ತದೆ, ಅಲ್ವಾ?

ಸೋಯಾ ಕಾಳಿನಲ್ಲಿರುವ ಐಸೊಫ್ಲೇವೋನ್ ಅನ್ನುವ ಅಂಶದ ಮಾತ್ರೆಯಿಂದ ಶುರು ಮಾಡಿದೆ. ಇದು ಹಾರ್ಮೋನ್ ಅಲ್ಲ ನಿಜ. ಆದರೆ ದೇಹದಲ್ಲಿ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜೆನ್ ಕೂರುವ ಜಾಗದಲ್ಲೇ ಇದೂ ಕೂರುತ್ತದೆ, ಬಲ ಮಾತ್ರ ತುಂಬಾ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಲೇಬಾರದು. ಇನ್ನೊಂದು ಮಾತು. ಸೋಯಾದಲ್ಲಿರುವ ಡೈಡ್ಜೀನ್ ಅನ್ನುವ ಐಸೊಫ್ಲೇವೋನನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾ ಈಕ್ವಾಲ್ ಅನ್ನುವ ಇನ್ನೂ ಬಲವಾದ ಅಂಶವಾಗಿ ಬದಲಾಯಿಸುತ್ತದೆ. ಆ ಬ್ಯಾಕ್ಟೀರಿಯಾ ಎಲ್ಲರಲ್ಲೂ ಇರುವುದಿಲ್ಲ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಿರಲು ಇದೂ ಕಾರಣ ಇರಬಹುದು. 12 ವಾರ ಅಂತ ಗಡುವು ಹಾಕಿಕೊಂಡೆ. ಹಗಲಿನ ಝಳ ಸ್ವಲ್ಪ ಇಳಿಯಿತು, ರಾತ್ರಿಯದು ಹಾಗೇ ಉಳಿಯಿತು. ಆಮೇಲೆ ಬೇಕಂತಲೇ ನಿಲ್ಲಿಸಿ ಬರೆಯುತ್ತಾ ಹೋದೆ. ಹಗಲಿನ ಲೆಕ್ಕ ಮತ್ತೆ ಏರಲಿಲ್ಲ, ಅಂದರೆ ಇಳಿದದ್ದು ಮಾತ್ರೆಯಿಂದಲ್ಲ ಅನ್ನಿಸಿತು. ಹಾಗಾಗಿ ಇನ್ನೊಂದು ಡಬ್ಬಿ ಕೊಳ್ಳಲಿಲ್ಲ.

ಬ್ಲ್ಯಾಕ್ ಕೊಹಾಶ್ ಅನ್ನುವ ಗಿಡಮೂಲಿಕೆಯನ್ನು ನಾನು ಮುಟ್ಟಲಿಲ್ಲ. ಅಪರೂಪಕ್ಕೆ ಲಿವರ್‌ಗೆ ತೊಂದರೆಯಾದ ವರದಿಗಳಿವೆ. ಸೇಂಟ್ ಜಾನ್ಸ್ ವರ್ಟ್ ಅನ್ನುವ ಇನ್ನೊಂದು ಮೂಲಿಕೆ ಕೂಡ ಬೇಡ ಅಂದುಕೊಂಡೆ. ರಕ್ತ ತೆಳುವಾಗಿಸುವ ವಾರ್ಫರಿನ್, ಖಿನ್ನತೆಯ ಮಾತ್ರೆ, ಹೀಗೆ ಅನೇಕ ಔಷಧಗಳ ಜೊತೆ ಅದು ಗುದ್ದಾಡುತ್ತದೆ.

ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರ ಈಗಲೂ ತೆಗೆದುಕೊಳ್ಳುತ್ತೇನೆ. ಅದು ಝಳಕ್ಕಲ್ಲ, ಮೂಳೆಗೆ. ಊಟದಲ್ಲಿ ಸಿಗುವ ಕ್ಯಾಲ್ಸಿಯಂ ಲೆಕ್ಕ ಹಾಕಿ, ಕಮ್ಮಿ ಬಿದ್ದಷ್ಟನ್ನೇ ಮಾತ್ರೆಯಲ್ಲಿ ತುಂಬಿಸಬೇಕು. ಒಂದು ಸಲಕ್ಕೆ 500 ಮಿಲಿಗ್ರಾಂ ದಾಟದಿದ್ದರೆ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರು ಅದಕ್ಕೂ ಕ್ಯಾಲ್ಸಿಯಂಗೂ ನಡುವೆ 4 ಗಂಟೆ ಬಿಡಬೇಕು.

ರಾತ್ರಿಯ ತೊಂದರೆಗೆ ನನಗೆ ದಾರಿ ಸಿಕ್ಕಿದ್ದು ಡಬ್ಬಿಯಲ್ಲಲ್ಲ. ನಾರ್ತ್ ಅಮೆರಿಕನ್ ಮೆನೋಪಾಸ್ ಸೊಸೈಟಿ 2023ರಲ್ಲಿ ಹಾರ್ಮೋನ್ ಇಲ್ಲದ ಚಿಕಿತ್ಸೆಗಳನ್ನೆಲ್ಲ ಪರಿಶೀಲಿಸಿತು. ಝಳಕ್ಕೆ ಸಪ್ಲಿಮೆಂಟ್‌ಗಳನ್ನು ಶಿಫಾರಸು ಮಾಡಲಿಲ್ಲ, ಸಿಬಿಟಿ ಅನ್ನುವ ಮಾತುಕತೆಯ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಅದನ್ನು ಓದಿ ಸಿಬಿಟಿಗೆ ಸೇರಿದೆ. ಝಳ ಈಗಲೂ ಬರುತ್ತದೆ. ಆದರೆ ಗಾಬರಿಯಾಗುವುದಿಲ್ಲ, ಎದ್ದರೂ ಮತ್ತೆ ನಿದ್ದೆ ಹತ್ತುತ್ತದೆ.

ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ಯಾವ ಸಪ್ಲಿಮೆಂಟನ್ನೂ ಹುಡುಕಬೇಡಿ, ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.