ಅಪ್ಪ ಅಮ್ಮನ ಕಾಗದಪತ್ರ: ಯಾವುದು ಮೊದಲು, ಯಾವುದು ಆಮೇಲೆ?

ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುವ ಮಕ್ಕಳು ವಕೀಲರ ಬಾಗಿಲು ತಟ್ಟುವುದು ಬಹುಪಾಲು ತಡವಾಗಿಯೇ. ಅಪ್ಪನ ನೆನಪು ಕೈಕೊಟ್ಟ ಮೇಲೆ, ಇಲ್ಲವೇ ಅಣ್ಣ ತಮ್ಮಂದಿರ ನಡುವೆ ಮಾತು ನಿಂತ ಮೇಲೆ. ಆದರೆ ಪತ್ರ ಬರೆದುಕೊಡುವ ಹಕ್ಕಿರುವುದು ಮಕ್ಕಳಿಗಲ್ಲ, ಹಿರಿಯರಿಗೆ. ಅದೂ ಅವರ ಬುದ್ಧಿ ಸ್ಥಿಮಿತದಲ್ಲಿರುವಷ್ಟು ದಿನ ಮಾತ್ರ. ಯಾವ ಕೆಲಸ ಮೊದಲು ಎಂಬುದನ್ನು ಇದೇ ತೀರ್ಮಾನಿಸುತ್ತದೆ.

ಕೂತು ಮಾತಾಡಿ, ಕಡತ ಮಾಡಿ

ಹೆಣ್ಣುಮಕ್ಕಳೂ ಸೇರಿದಂತೆ ಒಡಹುಟ್ಟಿದವರೆಲ್ಲ ಹಿರಿಯರ ಎದುರಲ್ಲೇ ಒಮ್ಮೆ ಕೂರಬೇಕು. ‘ಆಸ್ತಿ ಏನು ಮಾಡ್ತೀರಿ?’ ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಕೆಟ್ಟಿತು. ‘ಅಮ್ಮಾ, ದಿಢೀರಂತ ಆಸ್ಪತ್ರೆಗೆ ಹೋಗಬೇಕಾದರೆ ಇನ್ಶೂರೆನ್ಸ್ ಕಾರ್ಡ್ ಎಲ್ಲಿಟ್ಟಿದ್ದೀಯ?’ ಎಂಬಲ್ಲಿಂದ ಹೊರಟರೆ ಉಳಿದದ್ದು ತಾನಾಗಿ ಹೊರಬರುತ್ತದೆ.

ಆಧಾರ್, ಪ್ಯಾನ್, ಪಿಂಚಣಿ ಆದೇಶ, ಪಾಸ್‌ಬುಕ್, ಠೇವಣಿ ರಸೀದಿ, ವಿಮೆ, ಮನೆಯ ಕ್ರಯಪತ್ರ, ಖಾತೆ, ಪಹಣಿ ಎಲ್ಲವನ್ನೂ ಒಂದೇ ಕಡತಕ್ಕೆ ಸೇರಿಸಿ. ಸೇರಿಸುವಾಗ ಹೆಸರು ಓದಿ ನೋಡಿ. ಆಧಾರ್‌ನಲ್ಲಿ ‘ಲಕ್ಷ್ಮೀದೇವಿ’, ಪಾಸ್‌ಬುಕ್ಕಿನಲ್ಲಿ ‘ಲಕ್ಷ್ಮಮ್ಮ ಆರ್.’, ಪಹಣಿಯಲ್ಲಿ ‘ಲಕ್ಷ್ಮಮ್ಮ ಕೋಂ ರಾಮಯ್ಯ’ ಎಂದಿದ್ದರೆ ಮೂವರೂ ಒಬ್ಬರೇ ಎಂದು ರುಜುವಾತು ಮಾಡಬೇಕಾದೀತು. ಆ ಲಕ್ಷ್ಮಮ್ಮನವರೇ ಕಚೇರಿಗೆ ಬಂದು ಹೇಳಬಲ್ಲ ಸ್ಥಿತಿಯಲ್ಲಿರುವಾಗ ತಿದ್ದಿಸುವುದು ಸುಲಭ.

ಬ್ಯಾಂಕಿನ ಕೆಲಸ

ಜಂಟಿ ಖಾತೆ ಇದ್ದರೆ ಸಾಲದು, ಅದು ಯಾವ ಬಗೆಯದು ಎಂದು ಕೇಳಿ. ‘ಐದರ್ ಆರ್ ಸರ್ವೈವರ್’ ಆದರೆ ಇಬ್ಬರಲ್ಲಿ ಯಾರೊಬ್ಬರ ಸಹಿಯಾದರೂ ನಡೆಯುತ್ತದೆ. ‘ಜಾಯಿಂಟ್ಲಿ’ ಎಂದಿದ್ದರೆ ಪ್ರತಿ ಸಲವೂ ಇಬ್ಬರದೂ ಬೇಕು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ನಾಮಿನಿ ಎಂದರೆ ಹಣದ ಒಡೆಯ ಎಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ಮನೆಗಳಲ್ಲಿ ಜಗಳವಾಗಿದೆ. ನಾಮಿನಿ ಹಣ ಪಡೆದುಕೊಳ್ಳುತ್ತಾರೆ ಅಷ್ಟೆ, ಅದು ಸೇರಬೇಕಾದ್ದು ವಾರಸುದಾರರಿಗೆ.

ಸಹಿ ಹಾಕಲಾಗದಷ್ಟು ಕಾಯಿಲೆಯಾದರೆ ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿಸಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ದಾರಿ ಇದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ‘ಎಟಿಎಂ ಪಿನ್ ಗೊತ್ತಲ್ಲ, ಇದೆಲ್ಲ ಯಾಕೆ?’ ಎನ್ನುವವರಿಗೆ ತಂಗಿ ಲೆಕ್ಕ ಕೇಳಿದ ದಿನ ಅರ್ಥವಾಗುತ್ತದೆ.

ಜಿಪಿಎ: ನಂಬಿಕೆ ಒಂದು, ಕಾನೂನು ಇನ್ನೊಂದು

‘ಅಪ್ಪನಿಗೆ ಮರೆವು ಹೆಚ್ಚಾದರೆ ಇರಲಿ ಅಂತ ಜಿಪಿಎ ಮಾಡಿಸಿಟ್ಟಿದ್ದೇವೆ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಎಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಮುಗಿಯಿತು. ಅಂದರೆ ಡಿಮೆನ್ಷಿಯಾಕ್ಕೆಂದು ಮಾಡಿಸಿದ ಪತ್ರ ಡಿಮೆನ್ಷಿಯಾ ಬಲಿತಾಗಲೇ ಬಿದ್ದುಹೋಗುತ್ತದೆ. ಬೇರೆ ಕೆಲವು ದೇಶಗಳಲ್ಲಿ ಬುದ್ಧಿ ಮಸುಕಾದ ಮೇಲೂ ನಡೆಯುವ ಅಧಿಕಾರಪತ್ರವಿದೆ, ನಮ್ಮಲ್ಲಿಲ್ಲ. ಮಂಡಿನೋವು, ಕಣ್ಣು ಮಂಜಾದದ್ದು, ದೂರದ ಊರಿನ ಬಾಡಿಗೆ ಮನೆಯ ವಹಿವಾಟು ಇಂಥವಕ್ಕೆ ಜಿಪಿಎ ಒಳ್ಳೆಯದೇ. ಅದಕ್ಕಿಂತ ಹೆಚ್ಚು ಹೊರೆ ಅದರ ಮೇಲೆ ಹಾಕಬೇಡಿ.

ಬುದ್ಧಿ ಸ್ವಾಧೀನ ತಪ್ಪಿದ ಮೇಲೆ ಸಾಮಾನ್ಯವಾಗಿ ಉಳಿಯುವ ದಾರಿ ಹೈಕೋರ್ಟ್. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ, ತಮ್ಮನ್ನು ಪಾಲಕರನ್ನಾಗಿ ನೇಮಿಸುವಂತೆ ಕೇಳಬೇಕು. ಕೋಮಾದಲ್ಲಿದ್ದವರ ವಿಚಾರದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ಕೊಟ್ಟ ಮಾರ್ಗಸೂಚಿ ನೋಡಿದರೆ ಈ ದಾರಿಯ ಉದ್ದ ತಿಳಿಯುತ್ತದೆ: ವೈದ್ಯಕೀಯ ಮಂಡಳಿಯ ತಪಾಸಣೆ, ಆಸ್ತಿಯ ಪೂರ್ತಿ ವಿವರ, ಕಂದಾಯ ಅಧಿಕಾರಿಯ ವಿಚಾರಣೆ, ಆಮೇಲೆ ಕಾಲಕಾಲಕ್ಕೆ ಲೆಕ್ಕ ಒಪ್ಪಿಸುವುದು.

ಉಯಿಲೋ, ದಾನಪತ್ರವೋ?

ನನ್ನನ್ನು ಕೇಳಿದರೆ ಉಯಿಲು. ಬರೆದವರು ಬದುಕಿರುವವರೆಗೆ ಆಸ್ತಿ ಅವರದೇ, ಮನಸ್ಸು ಬದಲಾದರೆ ಉಯಿಲನ್ನೂ ಬದಲಿಸಬಹುದು. ಕಡ್ಡಾಯವಾಗಿ ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಿ ಅನುಮಾನಕ್ಕೆ ಎಡೆ ಕೊಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಹಾಸಿಗೆ ಹಿಡಿದವರಿದ್ದರೆ ಉಪನೋಂದಣಾಧಿಕಾರಿ ಮನೆಗೇ ಬರಲು ಕಾನೂನಿನಲ್ಲಿ ಅವಕಾಶವಿದೆ. ಅದೇ ದಿನದ ತಾರೀಖು ಹಾಕಿಸಿ, ‘ಮನಃಸ್ಥಿತಿ ಸರಿಯಿದೆ’ ಎಂದು ವೈದ್ಯರಿಂದ ಬರೆಸಿಕೊಂಡರೆ ಮುಂದೆ ತಕರಾರು ಎತ್ತುವವರಿಗೆ ಕೆಲಸ ಕಷ್ಟವಾಗುತ್ತದೆ. ಹಿಂದೂ ಕುಟುಂಬಗಳಲ್ಲಿ ಸ್ವಯಾರ್ಜಿತ ಆಸ್ತಿಯನ್ನು ಪೂರ್ತಿ ಬರೆಯಬಹುದು. ಪಿತ್ರಾರ್ಜಿತದಲ್ಲಿ ತಮ್ಮ ಪಾಲಿನಷ್ಟೇ, ಅಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಸಮಪಾಲಿನವರು.

ದಾನಪತ್ರ ಹಾಗಲ್ಲ. ನೋಂದಣಿಯಾದ ಗಳಿಗೆಯಿಂದ ಮನೆ ಮಗನದೋ ಮಗಳದೋ ಆಗುತ್ತದೆ. ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯ್ದೆ (2007) 23ನೇ ಕಲಂನಲ್ಲಿ ಒಂದು ರಕ್ಷಣೆ ಕೊಟ್ಟಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿ, ಷರತ್ತು ಮುರಿದರೆ ವಾಪಸ್ ಬರುತ್ತದೆ. ಷರತ್ತೇ ಇಲ್ಲದಿದ್ದರೆ ಈ ಕಲಂ ನೆರವಿಗೆ ಬಾರದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿದೆ. ಉದಾರತೆಯನ್ನು ನೆಚ್ಚಿಕೊಳ್ಳುವ ಬದಲು ಪತ್ರದಲ್ಲೇ ಒಂದು ಸಾಲು ಸೇರಿಸಿ: ‘ದಾನ ಪಡೆದವರು ದಾನಿಯ ಜೀವಿತಾವಧಿಯವರೆಗೆ ಅನ್ನ, ವಸ್ತ್ರ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ದಾನ ರದ್ದಾಗತಕ್ಕದ್ದು.’ ಈ ಸಾಲಿಗೆ ಮುಖ ಸಿಂಡರಿಸುವ ಮಕ್ಕಳಿಗೆ ದಾನ ಬೇಕೇ ಎಂದು ಅಪ್ಪ ಅಮ್ಮ ಇನ್ನೊಮ್ಮೆ ಯೋಚಿಸಲಿ.

ಚಿಕಿತ್ಸೆಯ ಬಗ್ಗೆ

ಗುಣವಾಗುವ ಆಸೆಯೇ ಇಲ್ಲದ ಹಂತದಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂದು ಮೊದಲೇ ಬರೆದಿಡಲು 2018ರ ಸುಪ್ರೀಂ ಕೋರ್ಟ್ ತೀರ್ಪು ಅವಕಾಶ ಕೊಟ್ಟಿತು. 2023ರಲ್ಲಿ ವಿಧಾನ ಸರಳವಾಯಿತು. ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ತಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂಬ ಹೆಸರೂ ಅದರಲ್ಲಿರಲಿ.

ಲೆಕ್ಕದ ಪುಸ್ತಕ

ಜೊತೆಗಿರುವ ಮಗಳೋ ಸೊಸೆಯೋ ದಿನವೂ ಬರೆಯಬೇಕು: ಮಾತ್ರೆ, ಡೈಪರ್, ಆಟೊ, ರಾತ್ರಿ ನೋಡಿಕೊಳ್ಳುವ ಆಯಾಳ ಸಂಬಳ, ಅಪ್ಪನ ಪಿಂಚಣಿಯಿಂದ ತೆಗೆದದ್ದು. ತಿಂಗಳ ಕೊನೆಗೆ ಪುಟದ ಫೋಟೊ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಲಿ. ದೂರದಲ್ಲಿರುವವರು ದುಡ್ಡು ಕಳಿಸಿದರೆ ಮುಗಿಯಲಿಲ್ಲ. ವರ್ಷದಲ್ಲಿ ಕೆಲವು ವಾರ ಬಂದು ನಿಂತು, ನೋಡಿಕೊಳ್ಳುವವರಿಗೆ ಬಿಡುವು ಕೊಡುವುದೂ ಅವರ ಪಾಲೇ.

ಮಾತು ಮುರಿದರೆ

2007ರ ಕಾಯ್ದೆಯಡಿ ತಂದೆ ತಾಯಿ ಉಪವಿಭಾಗಾಧಿಕಾರಿ (ಎ.ಸಿ.) ಅಧ್ಯಕ್ಷರಾಗಿರುವ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳ ಮೇಲೂ, ವಯಸ್ಕ ಮೊಮ್ಮಕ್ಕಳ ಮೇಲೂ ಅರ್ಜಿ ನಡೆಯುತ್ತದೆ. ತಾವೇ ಹೋಗಲಾಗದಿದ್ದರೆ ಬೇರೊಬ್ಬರಿಗೆ ಅಧಿಕಾರ ಕೊಡಬಹುದು. ನೋಟಿಸ್ ಜಾರಿಯಾದ 90 ದಿನದೊಳಗೆ ಜೀವನಾಂಶದ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಕಾಯ್ದೆ ಹಾಕಿರುವ ಮಿತಿ ತಿಂಗಳಿಗೆ 10,000 ರೂಪಾಯಿ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಅರ್ಜಿ ಎಲ್ಲಿ, ಹೇಗೆ ಎಂದು ತೋಚದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ.