ನಡುವಿನ 9 ಮಿಲಿಮೀಟರ್

ಶಿರಸಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡೋದು ನನ್ನ ಕೆಲಸ. ಮಕ್ಕಳ ಮೈನಸ್ ನಂಬರ್ ಏರೋದನ್ನು ನಿಧಾನ ಮಾಡುವ ಡಿಮ್ಸ್ ಲೆನ್ಸನ್ನು ನಾನು ಮೊದಲು ಕೊಟ್ಟಿದ್ದು ಒಂಬತ್ತು ವರ್ಷದ ಒಬ್ಬ ಹುಡುಗನಿಗೆ. ಅದಕ್ಕೂ ಮೊದಲಿನ ಒಂದೇ ವರ್ಷದಲ್ಲಿ ಅವನ ಮೈನಸ್ 1.50 ಇದ್ದದ್ದು 2.25 ಆಗಿತ್ತು.

ಎರಡು ವಾರಕ್ಕೇ ತಾಯಿ ವಾಪಸ್ ಕರ್ಕೊಂಡು ಬಂದರು. "ಬೋರ್ಡು ಮಂಜು ಮಂಜಾಗಿ ಕಾಣ್ತದಂತೆ ಸರ್. ಹಳೇದೇ ಚಲೋ ಇತ್ತು ಅಂತಾನೆ."

ಪವರ್ ಮೂರು ಸಲ ನೋಡಿದೆ. ಸರಿಯಿತ್ತು. ಚಾರ್ಟಿನ ಸಣ್ಣ ಸಾಲನ್ನೂ ಸಲೀಸಾಗಿ ಓದಿದ. ರೂಢಿಯಾಗಬೇಕು ಅಷ್ಟೆ ಅಂತ ಕಳಿಸುವವನಿದ್ದೆ. ಹುಡುಗ ಬಗ್ಗಿ ಚಪ್ಪಲಿ ಹಾಕಿಕೊಂಡು ಎದ್ದ. ಕನ್ನಡಕ ಮೂಗಿನ ಅರ್ಧಕ್ಕೆ ಇಳಿದಿತ್ತು. ಮೇಲೆ ಸರಿಸಿಕೊಳ್ಳಲೇ ಇಲ್ಲ!

ಮತ್ತೆ ಕೂರಿಸಿ, ಪಾಪೆಯ ನೇರಕ್ಕೆ ಗಾಜಿನ ಮೇಲೆ ಮಾರ್ಕರ್ ಚುಕ್ಕೆ ಇಟ್ಟೆ. ಲೆನ್ಸಿನ ನಡುವಿಗಿಂತ 5 ಮಿ.ಮೀ. ಮೇಲಿತ್ತು.

ಈ ಲೆನ್ಸಿನಲ್ಲಿ ಮಾಮೂಲಿ ಗಾಜಿನಂತಿರೋದು ನಡುವಿನ ಸುಮಾರು 9 ಮಿ.ಮೀ. ಅಗಲದ ವೃತ್ತ ಮಾತ್ರ. ಅದರ ಸುತ್ತ ಜೇನುಗೂಡಿನ ಹಾಗೆ 400ರಷ್ಟು ಪುಟ್ಟ ಲೆನ್ಸುಗಳು. ಒಂದೊಂದೂ 1 ಮಿ.ಮೀ. ಆಸುಪಾಸು, ಪವರ್ 3.50 ಪ್ಲಸ್ ಕಡೆಗೆ ಜಾಸ್ತಿ. ಬೆಳಕಿನ ಒಂದು ಪಾಲನ್ನು ಅವು ರೆಟಿನಾಕ್ಕಿಂತ ಮುಂದೆಯೇ ಕೂಡಿಸುತ್ತವೆ. ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದಂತೆ ಮೈನಸ್ ಏರುತ್ತದೆ; ಆ ಬೆಳೆಯೋದು ಇದರಿಂದ ನಿಧಾನವಾಗುತ್ತದೆ. ಆದರೆ ಅಲ್ಲಿಂದಲೇ ಇಣುಕಿದರೆ ಅಕ್ಷರ ಮಸುಕು, ಅಲ್ವಾ? ಹುಡುಗ ಇಷ್ಟಪಟ್ಟ ದೊಡ್ಡ ಫ್ರೇಮಿಗೆ ಸುಮ್ನೆ ಹೂಂ ಅಂದದ್ದು ನನ್ನದೇ ತಪ್ಪು.

ಚಿಕ್ಕ ಫ್ರೇಮ್, ಮೂಗಿಗೆ ಸಿಲಿಕಾನ್ ಪ್ಯಾಡ್, ಹಿಂದೆ ಎಲಾಸ್ಟಿಕ್ ದಾರ. ಹೊಸ ಲೆನ್ಸಿನ ಖರ್ಚು ನನ್ನದು. ಬೋರ್ಡಿನ ದೂರು ನಿಂತಿತು.

ಆಮೇಲೆ ನನ್ನ ನಂಬರಿಗೂ ಒಂದು ಜೊತೆ ಮಾಡಿಸಿ ಹಾಕಿಕೊಂಡೆ. ನೇರ ನೋಟಕ್ಕೆ ತಕರಾರಿಲ್ಲ. ಬಸ್‌ಸ್ಟ್ಯಾಂಡಿನ ದೀಪಗಳನ್ನು ಓರೆಗಣ್ಣಲ್ಲಿ ನೋಡಿದರೆ ಸುತ್ತ ಮಬ್ಬು. ಮೆಟ್ಟಿಲು ಇಳಿಯುವಾಗ ಮೊದಲ ದಿನ ಕಾಲು ತಡವರಿಸಿತು. ಆಗ ನೆನಪಾಗಿದ್ದು ಹುಡುಗನ ಮನೆ ದಾರಿಯ ಸಂಕ, ಅಂದರೆ ಹಳ್ಳ ದಾಟುವ ಮರದ ಕಾಲುಸೇತುವೆ. ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು, ಮೇಲೆ ಪಾಚಿ ಹಿಡಿದ ಅಡಿಕೆ ಮರ. "ದಾಟುವಾಗ ಕಣ್ಣಷ್ಟೇ ಕೆಳಗೆ ಹಾಕಬೇಡ ತಮ್ಮಾ, ತಲೆಯನ್ನೇ ಬಗ್ಗಿಸು" ಅಂತ ಹೇಳಿಕೊಟ್ಟೆ. ಈಗ ಈ ಲೆನ್ಸ್ ಕೊಡುವ ಪ್ರತಿ ಮಗುವನ್ನೂ ಅಂಗಡಿಯ ಮೂರು ಮೆಟ್ಟಿಲು ಹತ್ತಿಸಿ ಇಳಿಸಿಯೇ ಕಳಿಸೋದು.

"ನಂಬರ್ ಹೋಗ್ತದಾ ಸರ್?" ಅಂತ ಎಲ್ಲರೂ ಕೇಳುತ್ತಾರೆ. ಹೋಗೋದಿಲ್ಲ. ಏರುವ ವೇಗ ಇಳಿಯಬಹುದು. ಹಾಂಗ್‌ಕಾಂಗಿನಲ್ಲಿ 8ರಿಂದ 13 ವರ್ಷದ ಮಕ್ಕಳ ಮೇಲೆ ಎರಡು ವರ್ಷ ನಡೆದ ಅಧ್ಯಯನದಲ್ಲಿ, ಮಾಮೂಲಿ ಲೆನ್ಸಿಗಿಂತ ಸರಾಸರಿ 52% ಕಡಿಮೆ ಏರಿತ್ತು. ಅದು ದಿನವಿಡೀ ಹಾಕಿಕೊಂಡರೆ. ಬಯಲಲ್ಲಿ ಆಡೋದನ್ನು ಮಾತ್ರ ಬಿಡಿಸಬೇಡಿ ಅಂತಲೂ ಹೇಳುತ್ತೇನೆ.

ಹುಡುಗನಿಗೆ ಆರು ತಿಂಗಳಿಗೊಮ್ಮೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿ ಪರೀಕ್ಷೆ. ವರ್ಷದ ನಂತರ 2.50. ಅದು ಲೆನ್ಸಿನಿಂದಲೇ ಅಂತ ಒಬ್ಬನ ಲೆಕ್ಕ ಹಿಡಿದು ಹೇಳಲಾರೆ. ಮೂಗಿನ ಪ್ಯಾಡ್ ಎರಡು ಸಲ ಬದಲಾಯಿಸಿದ್ದೇನೆ.